ನಲ್ಲಿ ಸೋರಿಕೆ ತಡೆಯುವ ಹತ್ತು ಕ್ರಮಗಳು

ನೀರು ಸರಬರಾಜು ಕಚೇರಿಯ ಹೆಡ್ ಗುಮಾಸ್ತರ ಮನೆಯಲ್ಲೇ ನಲ್ಲಿ ಸೋರುತ್ತದೆ ಎಂದರೆ ಜನ ಏನೆಂದುಕೊಂಡಾರು ಹೇಳಿ. ಆದರೆ ಸೋರುತ್ತಿತ್ತು. ಇವತ್ತು ನಿನ್ನೆಯಿಂದಲ್ಲ, ಹದಿನೇಳು ದಿನಗಳಿಂದ. ಹೆಡ್ ಗುಮಾಸ್ತರು ದಿನಾ ಬೆಳಿಗ್ಗೆ ಅಡುಗೆಮನೆಗೆ ಹೋಗಿ, ಆ ನಲ್ಲಿಯ ಮುಂದೆ ನಿಂತು, ಕನ್ನಡಕ ಹಣೆಗೇರಿಸಿ, "ಗಮನಿಸಲಾಗಿದೆ" ಎಂದು ಹೇಳಿ ಕಚೇರಿಗೆ ಹೊರಡುತ್ತಿದ್ದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರು ಕಲಿತದ್ದೇ ಅದು. ಮೊದಲು ಗಮನಿಸಬೇಕು, ಆಮೇಲೆ ಬರೆಯಬೇಕು, ಉಳಿದದ್ದು ತಾನಾಗಿ ಆಗಬೇಕು.

ಕಚೇರಿಯಲ್ಲಿ ಅವರನ್ನು ಬೆನ್ನ ಹಿಂದೆ ಎಲ್ಲರೂ ಕಡತಪ್ಪ ಎನ್ನುತ್ತಿದ್ದರು. (ಎದುರಿಗೆ 'ಸಾರ್'. ನಾವೂ ಕಡತಪ್ಪನವರು ಅಂತಲೇ ಅನ್ನೋಣ, ಅವರೇನು ಇಲ್ಲಿ ಎದುರಿಗಿಲ್ಲವಲ್ಲ.) ಬಾಯಿ ಬಿಟ್ಟು ಹೇಳಿದರೆ ಎರಡು ಮಾತಿನಲ್ಲಿ ಮುಗಿಯುವುದನ್ನು ಎರಡು ಪುಟ ಬರೆಯುವುದು ಅವರ ಜಾಯಮಾನ. ಮದುವೆ ಗೊತ್ತಾದ ಹೊಸತರಲ್ಲಿ ಹುಡುಗಿಗೆ ಬರೆದ ಮೊದಲ ಪ್ರೇಮಪತ್ರದ ಕೊನೆಯಲ್ಲೂ "ಪ್ರತಿ: ಮಾವನವರ ಅವಗಾಹನೆಗಾಗಿ" ಎಂದು ಹಾಕಿದ್ದರು. ಮಾವನವರು ಆ ಪ್ರತಿಯನ್ನು ಓದಿ ಮೂರು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲವಂತೆ.

ಆ ಬುಧವಾರ ಬೆಳಿಗ್ಗೆ ಹೆಂಡತಿಯ ತಾಳ್ಮೆ ಕೆಟ್ಟಿತು.

"ರೀ, ಪ್ಲಂಬರ್‌ನ ಕರೀತೀರೋ ಇಲ್ವೋ?"

"ಪ್ಲಂಬರ್‌ನ ಕರೆದ್ರೆ ಬೀದಿಯವರು ನಗ್ತಾರೆ ಕಣೇ. ನೀರಿನ ಆಫೀಸಿನವನ ಮನೆಗೆ ಹೊರಗಿನವನು ಬಂದು ನಲ್ಲಿ ರಿಪೇರಿ ಮಾಡೋದಾ?"

"ಹಾಗಾದ್ರೆ ಆಫೀಸಿನವರನ್ನೇ ಕರೀರಿ."

"ಅದಕ್ಕೆ ಅರ್ಜಿ ಕೊಡಬೇಕು. ಅರ್ಜಿ ನನ್ನ ಟೇಬಲ್ಲಿಗೇ ಬರತ್ತೆ. ನನ್ನ ಅರ್ಜೀನ ನಾನೇ ಶಿಫಾರಸು ಮಾಡಿದ್ರೆ ನಾಳೆ ಯಾರಾದ್ರೂ ಪ್ರಶ್ನೆ ಎತ್ತುತ್ತಾರೆ."

"ಬಿಡಿ, ನಿಮ್ಮ ಕೈಲಿ ಆಗಲ್ಲ. ನಾನೇ ನೋಡ್ಕೋತೀನಿ." ಹೆಂಡತಿ ಕೈ ಒರೆಸಿಕೊಂಡು, ಕಪಾಟಿನ ಮೇಲಿದ್ದ ಫೋನು ತೆಗೆದುಕೊಂಡು, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ 'ನಲ್ಲಿ ಸೋರುವುದು ನಿಲ್ಲಿಸುವುದು ಹೇಗೆ' ಎಂದು ಹುಡುಕಿದರು.

ಕಡತಪ್ಪನವರು ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟುತ್ತಿದ್ದರು.

"ಒಂದು ವಿಡಿಯೋ ಇದೆ. ನಲವತ್ತು ನಿಮಿಷ. ಬೇಡಪ್ಪಾ. ಆಮೇಲೆ ನಲ್ಲಿ ಮಾರೋ ಅಂಗಡಿ. ಆಮೇಲೆ... ಅರೆ, ಇಲ್ನೋಡಿ, ನಿಮ್ಮ ಆಫೀಸಿಂದೇ ಒಂದು ಬಂದಿದೆ."

"ನಮ್ಮ ಆಫೀಸಿಂದಾ?"

"ಹೂಂ. 'ನಲ್ಲಿ ಸೋರಿಕೆ ತಡೆಯುವ ಹತ್ತು ಕ್ರಮಗಳು' ಅಂತ. ಪಕ್ಕದಲ್ಲಿ ಪಿಡಿಎಫ್ ಅಂತ ಬರೆದಿದೆ, ಡೌನ್‌ಲೋಡ್ ಮಾಡ್ಕೋಬಹುದಂತೆ. ಹತ್ತು ಕ್ರಮ ಇಟ್ಕೊಂಡು ಹದಿನೇಳು ದಿನ ಸುಮ್ನೆ ಕೂತಿದ್ರಲ್ಲ ನೀವು."

ಬೂಟಿನ ದಾರ ಕಡತಪ್ಪನವರ ಕೈಯಲ್ಲಿ ಹಾಗೇ ನಿಂತಿತು.

"ಕೆಳಗೆ ಎರಡು ಸಾಲು ಓದೋಕೆ ಕೊಟ್ಟಿದ್ದಾರೆ," ಎಂದು ಹೆಂಡತಿ ಗಟ್ಟಿಯಾಗಿ ಓದಿದರು. "'ಕ್ರಮ ಮೂರು: ಆಸಾಮಿಯ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದು, ಬೆಳಗಿನ ಬಿಸಿಲು ನೇರವಾಗಿ ಮುಖಕ್ಕೆ ಬೀಳುವಂತೆ...' ಇದೇನ್ರೀ ಇದು, ನಲ್ಲಿಗೆ ಮಂಚ ಯಾಕೆ?"

"ಅದು... ಅದು ಇಲಾಖೆ ಭಾಷೆ ಕಣೇ. ಪೈಪು ಕೂರಿಸೋ ಕಟ್ಟೆಗೆ ಮಂಚ ಅಂತೀವಿ."

"ಆಸಾಮಿ ಅಂದ್ರೆ?"

"ನಲ್ಲಿಯ ಬಳಕೆದಾರ."

"ಬಳಕೆದಾರನ ಮುಖಕ್ಕೆ ಬಿಸಿಲು ಬಿದ್ರೆ ನಲ್ಲಿ ಸೋರೋದು ನಿಲ್ಲತ್ತಾ?"

ಕಡತಪ್ಪನವರು ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಬರೀ ಕಾಲುಚೀಲ ಹಾಕಿಕೊಂಡೇ ಎದ್ದು ಬಂದರು. "ಅದನ್ನ ಮುಟ್ಟಬೇಡ. ಸರ್ಚಿನಲ್ಲಿ ಬರೋ ಪಿಡಿಎಫ್ ಇಳಿಸ್ಕೊಂಡ್ರೆ ಫೋನಿಗೆ ವೈರಸ್ ಬರತ್ತೆ."

"ನಿಮ್ಮ ಆಫೀಸಿಂದಾದ್ರೂನೂ?"

"ನಮ್ಮ ಆಫೀಸಿಂದಕ್ಕೇ ಜಾಸ್ತಿ."

ಅಷ್ಟರಲ್ಲಿ ಹೆಂಡತಿ ಒತ್ತಿ ಆಗಿತ್ತು. ಫೋನು ಒಂದು ಕ್ಷಣ ಯೋಚಿಸಿ, ಜಾಗ ಸಾಲದು ಎಂದಿತು. ಅದರಲ್ಲಿ ಆರು ಸಾವಿರ ಫೋಟೋಗಳಿದ್ದವು. ಕಡತಪ್ಪನವರಿಗೆ ಹೋದ ಜೀವ ಬಂದಂತಾಯಿತು.

"ಹಳೇ ಫೋಟೋ ಅಳಿಸಿ ಜಾಗ ಮಾಡ್ಕೋತೀನಿ," ಎಂದರು ಹೆಂಡತಿ. "ಇಲ್ದಿದ್ರೆ ತಮ್ಮ ವಾಕಿಂಗಿಂದ ಬರಲಿ, ಅವನ ಫೋನಲ್ಲೇ ನೋಡಿದ್ರಾಯ್ತು."

ಬಂದ ಜೀವ ಮತ್ತೆ ಹೋಯಿತು. ಏಕೆಂದರೆ ಆ ಕಡತದಲ್ಲಿದ್ದ ಆಸಾಮಿ ನಲ್ಲಿಯ ಬಳಕೆದಾರನಲ್ಲ. ಹೆಂಡತಿಯ ಈ ತಮ್ಮನೇ. ಆ ಹತ್ತು ಕ್ರಮಗಳು ಅವನನ್ನು ಮನೆಯಿಂದ ಹೊರಡಿಸುವುದಕ್ಕೆ ಕಡತಪ್ಪನವರು ಏಳು ತಿಂಗಳಿಂದ ಮಾಡಿದ ಪ್ರಯತ್ನಗಳ ಅಧಿಕೃತ ವರದಿ.

ಭಾವಮೈದುನ ಬಂದದ್ದು ಹಲ್ಲು ಕೀಳಿಸಿಕೊಳ್ಳಲು, ಎರಡು ದಿನದ ಮಟ್ಟಿಗೆ. ಹಲ್ಲು ಹೋಯಿತು. ಆಸಾಮಿ ಹೋಗಲಿಲ್ಲ. ಮೂವತ್ತೊಂದು ವರ್ಷದ ಆಳು, ಎಲ್ಲೋ ಕಂಪ್ಯೂಟರ್ ಕೆಲಸದಲ್ಲಿದ್ದವನು ಬಿಟ್ಟು ಬಂದಿದ್ದ. ಕುಡಿತವಿಲ್ಲ, ಸಿಗರೇಟಿಲ್ಲ, ಎತ್ತರದ ದನಿಯಲ್ಲಿ ಮಾತಿಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಒಂದು ಜಗಳ ತೆಗೆದು ಕಳಿಸಬಹುದಿತ್ತು. ಇವನ ಮೇಲೆ ಜಗಳ ತೆಗೆಯಲು ಒಂದೂ ಸರಿಯಾದ ಕಾರಣ ಸಿಗುತ್ತಿರಲಿಲ್ಲ. ಪೇಪರು ಬಂದ ಕೂಡಲೇ ಇವನು ಓದುತ್ತಿದ್ದ, ಓದಿ ಮುಗಿಸಿ "ಏನೂ ವಿಶೇಷ ಇಲ್ಲ ಭಾವ" ಎಂದು ಮಡಿಸಿ ಕೊಡುತ್ತಿದ್ದ. ಕಡತಪ್ಪನವರು ಸ್ನಾನಕ್ಕೆ ಏಳುವ ಹೊತ್ತಿಗೆ ಸರಿಯಾಗಿ ಬಚ್ಚಲಿಗೆ ಹೋಗುತ್ತಿದ್ದ. ಅವರ ಒರಗುಕುರ್ಚಿಯಲ್ಲಿ ಕೂತಿರುತ್ತಿದ್ದ, ಅವರು ಬಂದರೆ ತಕ್ಷಣ ಏಳುತ್ತಿದ್ದ, ಎದ್ದು "ಕೂತ್ಕೊಳ್ಳಿ ಭಾವ" ಎನ್ನುತ್ತಿದ್ದ. ತಮ್ಮ ಕುರ್ಚಿಯಲ್ಲಿ ಇನ್ನೊಬ್ಬರ ಅಪ್ಪಣೆ ಪಡೆದು ಕೂರುವುದಿದೆಯಲ್ಲ, ಅದನ್ನು ಯಾರಿಗೆ ಹೇಳುವುದು?

ಹೆಂಡತಿಗಂತೂ ಹೇಳುವಂತಿಲ್ಲ. ತಾಯಿ ತೀರಿಕೊಂಡಾಗ ಈ ತಮ್ಮನಿಗೆ ನಾಲ್ಕು ವರ್ಷ. ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ಒಮ್ಮೆ, ಎಷ್ಟೋ ವರ್ಷದ ಹಿಂದೆ, ಕಡತಪ್ಪನವರು ಅವನ ಪರೀಕ್ಷೆಯ ಅಂಕಗಳ ಬಗ್ಗೆ ಏನೋ ತಮಾಷೆ ಮಾಡಿದ್ದಕ್ಕೆ ಹೆಂಡತಿ ಹತ್ತೊಂಬತ್ತು ದಿನ ಮಾತು ಬಿಟ್ಟಿದ್ದರು. ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ಕಡತಪ್ಪನವರು ಚೀಟಿ ಬರೆದು ಕಳಿಸುತ್ತಿದ್ದರು. ಅದೇ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ "ಮುಗಿದಿದೆ" ಎಂದು ಉತ್ತರ ಬರುತ್ತಿತ್ತು. ಅಂಕಗಳ ತಮಾಷೆಗೇ ಹತ್ತೊಂಬತ್ತು ದಿನವಾದರೆ, ಮನೆ ಬಿಡಿಸುವ ಸಂಚಿಗೆ ಎಷ್ಟು ವರ್ಷ? ಲೆಕ್ಕ ಹಾಕಿದರೆ ತಲೆ ತಿರುಗುತ್ತಿತ್ತು.

ಆದ್ದರಿಂದ ಅವರು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಬರೆದರು.

"ಕ್ರಮ ಒಂದು: ಆಸಾಮಿಯನ್ನು ಬೆಳಿಗ್ಗೆ ಐದಕ್ಕೇ ಎಬ್ಬಿಸಿ ದೂರದ ವಾಕಿಂಗಿಗೆ ಕರೆದೊಯ್ಯುವುದು. ಫಲಿತಾಂಶ: ಆಸಾಮಿಯ ಆರೋಗ್ಯ ಸುಧಾರಿಸಿದೆ. ಕೆಳಗೆ ಸಹಿ ಮಾಡಿದವರಿಗೆ ಮಂಡಿನೋವು." ಮೂರನೆಯದು ಮಂಚದ ವಿಚಾರ. ಫಲಿತಾಂಶ: ಗಾಳಿ ಚೆನ್ನಾಗಿ ಬರುತ್ತದೆಂದು ಮಧ್ಯಾಹ್ನವೂ ಮಲಗುತ್ತಿದ್ದಾರೆ. ನಾಲ್ಕನೆಯದು ಕಟಕಟ ಎನ್ನುವ ಹಳೆಯ ಫ್ಯಾನನ್ನು ಅವನ ಕೋಣೆಗೆ ಹಾಕುವುದು. ಫಲಿತಾಂಶ: ಸದ್ದಿಲ್ಲದಿದ್ದರೆ ಈಗ ನಿದ್ದೆ ಬರುವುದಿಲ್ಲವಂತೆ. "ಕ್ರಮ ಆರು: ದೂರದ ನೆಂಟರ ಮನೆಗೆ ಹೋಗಿಬರುವಂತೆ ಪ್ರೇರೇಪಿಸುವುದು. ಫಲಿತಾಂಶ: ಹೋದರು. ನಾಲ್ಕನೇ ದಿನ ಆ ನೆಂಟರನ್ನೂ ಕರೆದುಕೊಂಡು ಬಂದರು." ಎಂಟನೆಯದು ನೌಕರಿಯ ಜಾಹೀರಾತುಗಳನ್ನು ಕತ್ತರಿಸಿ ತಿಂಡಿಯ ತಟ್ಟೆಯ ಪಕ್ಕ ಇಡುವುದು. ಫಲಿತಾಂಶ: ಹಿಂಬದಿಯಲ್ಲಿದ್ದ ಪದಬಂಧವನ್ನು ಬಿಡಿಸಿರುತ್ತಾರೆ.

ಬರೆದದ್ದೇನೋ ಆಯಿತು, ಇಡುವುದೆಲ್ಲಿ? ಮನೆಯ ಕಂಪ್ಯೂಟರಿನ ಮುಂದೆ ಆಸಾಮಿಯೇ ಕೂತಿರುತ್ತಾನೆ. ಮೇಜಿನ ಖಾನೆಯನ್ನು ಹೆಂಡತಿ ವಾರಕ್ಕೊಮ್ಮೆ ಝಾಡಿಸುತ್ತಾರೆ. ಕಚೇರಿಯ ಬೀರುವಿಗೆ ಮೂವರ ಬಳಿ ಬೀಗದ ಕೈ. ಆಗ ಕಡತಪ್ಪನವರಿಗೆ ಒಂದು ಮಹಾ ಸತ್ಯ ಹೊಳೆಯಿತು. ಕಚೇರಿಗೆ ಒಂದು ವೆಬ್‌ಸೈಟು ಇತ್ತು. ಅದರಲ್ಲಿ 'ಸಾರ್ವಜನಿಕ ಮಾಹಿತಿ' ಎಂಬ ಪುಟವಿತ್ತು. ಎಲ್ಲ ಸುತ್ತೋಲೆಗಳನ್ನೂ ಜನ ಇಳಿಸಿಕೊಳ್ಳುವಂತೆ ಅಲ್ಲಿ ಹಾಕಬೇಕೆಂದು ಮೇಲಿನಿಂದ ಆದೇಶವಿತ್ತು. ಆರು ವರ್ಷಗಳಲ್ಲಿ ಕಡತಪ್ಪನವರು ತಮ್ಮ ಕೈಯಾರೆ ಇನ್ನೂರ ಹನ್ನೆರಡು ಕಡತಗಳನ್ನು ಅಲ್ಲಿ ಹಾಕಿದ್ದರು. ಎಷ್ಟು ಜನ ಇಳಿಸಿಕೊಂಡರೆಂದು ಪ್ರತಿಯೊಂದರ ಪಕ್ಕದಲ್ಲೂ ತೋರಿಸುತ್ತಿತ್ತು. ಸೊನ್ನೆ, ಸೊನ್ನೆ, ಸೊನ್ನೆ, ಎರಡು. (ಆ ಎರಡೂ ಇವರೇ.) ಒಂದು ಸುತ್ತೋಲೆಯ ಮೂರನೇ ಪುಟ ನಾಲ್ಕು ವರ್ಷದಿಂದ ತಲೆಕೆಳಗಾಗಿತ್ತು. ಇನ್ನೊಂದರಲ್ಲಿ ಜೂನ್ ಮೂವತ್ತೊಂದರಂದು ನೀರು ಬರುವುದಿಲ್ಲ ಎಂದಿತ್ತು. ಯಾವ ನರಪಿಳ್ಳೆಯೂ ಕೇಳಲಿಲ್ಲ. ಪ್ರಪಂಚದಲ್ಲಿ ಸಾರ್ವಜನಿಕ ಮಾಹಿತಿಗಿಂತ ಗುಪ್ತವಾದ ಜಾಗ ಇನ್ನೊಂದಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಯಾರಾದರೂ ಹಾದಿ ತಪ್ಪಿ ಬಂದರೂ ಓಡಿಹೋಗಲಿ ಎಂದು ಕಡತಕ್ಕೆ ಅತ್ಯಂತ ಒಣ ಹೆಸರು ಕೊಟ್ಟು, ಅಲ್ಲಿ ಹಾಕಿ, ತಿಂಗಳು ತಿಂಗಳೂ ಹೊಸ ಕ್ರಮಗಳನ್ನು ಸೇರಿಸಿ ಹತ್ತಕ್ಕೆ ಮುಟ್ಟಿಸಿದರು.

ಹುಡುಕುವ ಯಂತ್ರ ಮನುಷ್ಯನಲ್ಲ, ಅದು ಆಕಳಿಸದೆ ಎಲ್ಲವನ್ನೂ ಓದುತ್ತದೆ, ಓದಿದ್ದನ್ನು ಕೇಳಿದವರಿಗೆಲ್ಲ ಎತ್ತಿಕೊಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅವತ್ತು ಕಡತಪ್ಪನವರು ಕಚೇರಿಗೆ ನಡೆದು ಹೋಗಲಿಲ್ಲ, ಓಡಿದರು. ಬೆವರು ಒರೆಸಿಕೊಳ್ಳದೆ ಕಂಪ್ಯೂಟರ್ ತೆರೆದು ಪುಟ ನೋಡಿದರು. ಸೊನ್ನೆ, ಸೊನ್ನೆ, ಎರಡು, ಸೊನ್ನೆ. ಕೊನೆಯಲ್ಲಿ 'ನಲ್ಲಿ ಸೋರಿಕೆ ತಡೆಯುವ ಹತ್ತು ಕ್ರಮಗಳು'. ಅದರ ಪಕ್ಕ ನಾಲ್ಕು ಸಾವಿರದ ಮುನ್ನೂರ ಹದಿನೆಂಟು.

ಕನ್ನಡಕ ಒರೆಸಿ ನೋಡಿದರು. ನಾಲ್ಕು ಸಾವಿರದ ಮುನ್ನೂರ ಹತ್ತೊಂಬತ್ತು. ಅವರು ಕನ್ನಡಕ ಒರೆಸುವಷ್ಟರಲ್ಲಿ ಇನ್ನೊಬ್ಬ ಯಾರೋ ಇಳಿಸಿಕೊಂಡಿದ್ದ. ಕೂಡಲೇ ಕಡತವನ್ನು ಅಳಿಸಿದರು. ಅಳಿಸಿದ್ದು ಹೋಗಿ ಬೀಳುವ ಕಸದಬುಟ್ಟಿಯನ್ನೂ ಖಾಲಿ ಮಾಡಿದರು. ಆಮೇಲೆ ಒಂದು ಲೋಟ ನೀರು ಕುಡಿದು, ಸಮಾಧಾನಕ್ಕೆಂದು ಫೋನಿನಲ್ಲಿ ಹುಡುಕಿ ನೋಡಿದರೆ, ನಲ್ಲಿ ಮಾರುವ ಅಂಗಡಿಯ ಹೆಸರಿನ ಕೆಳಗೆ, ಇದ್ದ ಜಾಗದಲ್ಲೇ ಅದು ಹಾಗೇ ಕೂತಿತ್ತು. "ಆಸಾಮಿಯ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದು..." ಒತ್ತಿದರೆ ಕಡತವಿಲ್ಲ, ಆದರೆ ಮಂಚವಿತ್ತು, ಆಸಾಮಿಯಿದ್ದ, ಬಿಸಿಲಿತ್ತು. ಇದೆಂಥ ಮಾಯೆಯಪ್ಪಾ ಎಂದು ಅವರು ತಲೆಯ ಮೇಲೆ ಕೈಹೊತ್ತು ಕೂತರು.

ಮೇಜಿನ ಫೋನು ಬಡಿದುಕೊಂಡಿತು.

"ನೀರಿನ ಆಫೀಸಾ? ಆ ಹತ್ತು ಕ್ರಮ ಬರೆದವರು ಇದ್ದಾರಾ?" ಯಾರೋ ಹಿರಿಯರ ದನಿ.

"ಯಾಕೆ ಸ್ವಾಮಿ?" ಎಂದರು ಕಡತಪ್ಪನವರು.

"ಆರನೇ ಕ್ರಮ ತೆಗೆದುಹಾಕೋಕೆ ಹೇಳಿ. ನಾನೂ ಮಾಡಿ ನೋಡಿದೆ. ಒಬ್ಬನನ್ನ ಕಳಿಸಿದ್ರೆ ಮೂವರು ಬಂದ್ರು. ನಂದು ಷಡ್ಡಕ. ಮತ್ತೆ ಹೊಸ ಕ್ರಮ ಏನಾದ್ರೂ ಇದ್ರೆ ಬೇಗ ಹಾಕಿ ಅಂತ ಹೇಳಿ, ಮನೇಲಿ ಎಲ್ಲರೂ ಕಾಯ್ತಿದ್ದೀವಿ."

ಕಡತಪ್ಪನವರು ರಿಸೀವರನ್ನು ಮೆಲ್ಲಗೆ ಇಟ್ಟರು. ಇಟ್ಟ ತಕ್ಷಣ ಇಂಜಿನಿಯರ್ ಮೇಡಂ ಒಳಗಿನಿಂದ ಕರೆದರು. ಅವರು ಕಚೇರಿಯ ಮುಖ್ಯಸ್ಥೆ. ಒಂದು ಮಾತನ್ನು ಎರಡು ಸಲ ಹೇಳುವವರಲ್ಲ.

"ಬನ್ನಿ ಬನ್ನಿ. ನಿಮಗೆ ಅಭಿನಂದನೆ ಹೇಳ್ಬೇಕು. ದೊಡ್ಡ ಕಚೇರಿಯಿಂದ ಫೋನ್ ಬಂದಿತ್ತು. ಎಲ್ಲ ಶಾಖೆಗಳಲ್ಲೂ ಜನ ಅತಿ ಹೆಚ್ಚು ಇಳಿಸ್ಕೊಂಡಿರೋ ಕಡತ ನಮ್ಮದಂತೆ. ನಲ್ಲಿ ಸೋರಿಕೆ ಬಗ್ಗೆ ನೀವು ಬರೆದದ್ದು."

"ಮೇಡಂ, ತಾವು... ಓದಿದ್ರಾ?"

"ಟೈಮೆಲ್ಲಿದೆ? ಆದ್ರೆ ಬೆಳಿಗ್ಗೆಯಿಂದ ಅದು ತೆರೀತಾ ಇಲ್ಲ ಅಂದ್ರು. ಯಾರು ತೆಗೆದದ್ದು?"

"ಪರಿಷ್ಕರಣೆಗಾಗಿ ಮೇಡಂ."

"ಪರಿಷ್ಕರಿಸಿ ಬೇಗ ಹಾಕಿ. ಮೂರು ಗಂಟೆಗೆ ಮೇಲಿನವರು ಬರ್ತಿದ್ದಾರೆ. ದೊಡ್ಡ ಪರದೆ ಮೇಲೆ ನಾನೇ ಹುಡುಕಿ ತೋರಿಸ್ತೀನಿ, ಜನರಿಗೆ ನಮ್ಮ ಮಾಹಿತಿ ಎಷ್ಟು ಸುಲಭವಾಗಿ ಸಿಗತ್ತೆ ಅಂತ."

ದೊಡ್ಡ ಪರದೆ. ಮೇಲಿನವರು. ಆಸಾಮಿಯ ಮಂಚ. ಕಡತಪ್ಪನವರು ತಮ್ಮ ಮೇಜಿಗೆ ಓಡಿದರು. ಅರ್ಧ ಗಂಟೆಯಲ್ಲಿ ವಾಷರು, ದಾರ, ಸ್ಪ್ಯಾನರು ಎಂದು ನಿಜವಾದ ಹತ್ತು ಕ್ರಮಗಳನ್ನು ಬರೆದು ಅದೇ ಹೆಸರಿನಲ್ಲಿ ಹಾಕಿದರು. ಹುಡುಕಿ ನೋಡಿದರೆ ಕಡತ ಹೊಸದು, ಅದರ ಕೆಳಗೆ ಕಾಣುವ ಎರಡು ಸಾಲು ಹಳೆಯದೇ. ವೆಬ್‌ಸೈಟು ಮಾಡಿಕೊಟ್ಟಿದ್ದ ಗುತ್ತಿಗೆದಾರನಿಗೆ ಫೋನು ಮಾಡಿದರೆ ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದಿತು. ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಕಂಪ್ಯೂಟರಿನ ಮರ್ಮ ಬಲ್ಲವರು ಯಾರು ಯಾರು ಎಂದು ಯೋಚಿಸಿದರು. ಅವರಿಗೆ ಗೊತ್ತಿದ್ದವನು ಒಬ್ಬನೇ. ಹೇಳುವುದಕ್ಕೇ ಸಂಕಟವಾಗುತ್ತದೆ. ಅವನು ಆಸಾಮಿಯೇ.

ಐದು ನಿಮಿಷ ಫೋನನ್ನು ಕೈಯಲ್ಲಿ ಹಿಡಿದು ಕೂತಿದ್ದು, ಕೊನೆಗೆ ಒತ್ತಿದರು.

"ಎಲ್ಲಿದ್ದೀಯಪ್ಪಾ?"

"ಹೊರಗಡೆ ಇದ್ದೀನಿ ಭಾವ." ಹಿಂದೆ ಬಸ್ಸಿನ ಹಾರ್ನ್ ಕೇಳಿಸಿತು.

"ಎಲ್ಲಿದ್ರೂ ಸರಿ, ಇರೋ ಹಾಗೇ ಆಫೀಸಿಗೆ ಬಾ. ನನ್ನ ಮಾನ ಹೋಗೋ ಹಾಗಿದೆ. ನೀನೇ ಗತಿ ಕಣಪ್ಪಾ. ನೀನಿಲ್ದೆ ನನಗೆ ಇವತ್ತು ದಿಕ್ಕಿಲ್ಲ."

"ನಿಜವಾಗಿ ಹೇಳ್ತಿದ್ದೀರಾ ಭಾವ?"

"ನಿಜವಾಗಿ ಅಲ್ದೆ ತಮಾಷೆಗಾ? ಓಡಿ ಬಾ."

"ಬಂದೆ ಭಾವ." ದನಿ ಯಾಕೋ ಒದ್ದೆಯಾಗಿತ್ತು. ಕಡತಪ್ಪನವರಿಗೆ ಅದನ್ನೆಲ್ಲ ಗಮನಿಸುವ ವ್ಯವಧಾನವಿರಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಭಾವಮೈದುನ ಬಂದ. ಹೆಗಲ ಮೇಲೊಂದು ದೊಡ್ಡ ಚೀಲ, ಕಣ್ಣು ಕೆಂಪಗೆ. ಕಡತಪ್ಪನವರು ಅವನನ್ನು ತಮ್ಮ ಕುರ್ಚಿಯಲ್ಲಿ ತಾವೇ ಕೂರಿಸಿ, ಪಿಸುದನಿಯಲ್ಲಿ ವಿಷಯ ತಿಳಿಸಿದರು. ಸರ್ಚಿನಲ್ಲಿ ಕಾಣುವ ಎರಡು ಸಾಲು ಹಳೆಯವು, ಅವು ಹೋಗಬೇಕು, ಆದರೆ ಅವನ್ನು ಓದಬಾರದು.

"ಓದದೆ ಹೇಗೆ ಭಾವ ತೆಗೆಸೋದು?"

"ಇಲಾಖೆಯ ಗೌಪ್ಯ ವಿಚಾರ ಅಪ್ಪಾ. ಓರೆಗಣ್ಣಲ್ಲಿ ನೋಡು."

"ಓರೆಗಣ್ಣಲ್ಲಿ ನೋಡಿದ್ರೂ ಕಾಣತ್ತಲ್ಲ."

"ಹಾಗಾದ್ರೆ ನಾನು ಕೈ ಅಡ್ಡ ಇಡ್ತೀನಿ."

ಹೀಗೆ ಭಾವ ಪರದೆಯ ನಡುವೆ ಅಂಗೈ ಒತ್ತಿ ಹಿಡಿದಿದ್ದಂತೆ, ಭಾವಮೈದುನ ಆಚೀಚೆ ಬಗ್ಗಿ ಕೆಲಸ ಶುರು ಮಾಡಿದ. ಸೈಟಿನ ಗುಪ್ತಪದ ಕೇಳಿದ. ಒಂದರಿಂದ ಎಂಟರವರೆಗೆ ಅಂಕಿಗಳು ಎಂದಾಗ ಒಮ್ಮೆ ಅವರ ಮುಖ ನೋಡಿ, ಏನೂ ಅನ್ನದೆ ಒತ್ತಿದ. ಹುಡುಕುವ ಯಂತ್ರದವರಿಗೆ ಇದು ಹಳೆಯದಾಗಿದೆ, ಮತ್ತೆ ಬಂದು ಓದಿಕೊಳ್ಳಿ ಎಂದು ಮನವಿ ಕಳಿಸಿದ. ಕಾಯಬೇಕು ಭಾವ ಎಂದ. ಕಾಯುವಾಗ ಸುಮ್ಮನಿರಲಾರದೆ ಇನ್ನೂರ ಹನ್ನೆರಡು ಕಡತಗಳನ್ನೂ ಒಂದೊಂದಾಗಿ ತೆರೆದು, ತಲೆಕೆಳಗಾಗಿದ್ದ ಪುಟವನ್ನು ನೆಟ್ಟಗೆ ಮಾಡಿದ, ಜೂನ್ ಮೂವತ್ತೊಂದನ್ನು ಮೂವತ್ತು ಮಾಡಿದ. ಕಡತಪ್ಪನವರ ಅಂಗೈ ಮರಗಟ್ಟಿತು. ಎರಡೂ ಮುಕ್ಕಾಲಿಗೆ ಕೈ ಮೆಲ್ಲಗೆ ಸರಿಸಿ ನೋಡಿದರೆ, ಮಂಚ ಹೋಗಿತ್ತು. ಆ ಜಾಗದಲ್ಲಿ "ಕ್ರಮ ಮೂರು: ಸವೆದ ವಾಷರನ್ನು ಬದಲಿಸುವುದು" ಎಂದು ತಣ್ಣಗೆ ಕೂತಿತ್ತು.

ಕಡತಪ್ಪನವರು ಭಾವಮೈದುನನ ಬೆನ್ನು ತಟ್ಟಿದರು. ಏಳು ತಿಂಗಳಲ್ಲಿ ಅದೇ ಮೊದಲ ಸಲ, ಅದೂ ಮನಸಾರೆ.

ಮೀಟಿಂಗು ಹೂವೆತ್ತಿದಷ್ಟು ಸಲೀಸಾಗಿ ಮುಗಿಯಿತು. ಮೇಲಿನವರು ತಲೆದೂಗಿ, ಚಹಾ ಕುಡಿದು ಹೋದರು. ಮೇಡಂ ಹೊರಗೆ ಬಂದು, ಸೈಟು ಇದ್ದಕ್ಕಿದ್ದಂತೆ ಇಷ್ಟು ಚೆನ್ನಾಗಿದೆಯಲ್ಲ, ಯಾರು ಮಾಡಿದ್ದು ಎಂದು ಕೇಳಿದರು.

"ಇವನೇ ಮೇಡಂ, ನನ್ನ ಭಾವಮೈದ," ಎಂದರು ಕಡತಪ್ಪನವರು. ದನಿಯಲ್ಲಿ ಹೆಮ್ಮೆಯೇ ಇತ್ತು.

"ಈಗ ಎಲ್ಲಾದ್ರೂ ಕೆಲಸದಲ್ಲಿದ್ದಾರಾ?"

"ಇಲ್ಲ ಮೇಡಂ," ಎಂದ ಭಾವಮೈದುನ.

"ಹಾಗಾದ್ರೆ ನಮ್ಮಲ್ಲೇ ಸೇರ್ಕೊಳ್ಳಿ. ಸೈಟು ನೋಡ್ಕೊಳ್ಳೋಕೆ ಐದು ವರ್ಷದ ಗುತ್ತಿಗೆ ಮೇಲೆ ಒಬ್ಬರನ್ನ ತಗೊಳ್ಳಿ ಅಂತ ಮೇಲಿನವರು ಈಗಷ್ಟೇ ಹೇಳಿ ಹೋದ್ರು. ಆದ್ರೆ ಊರಲ್ಲೇ ವಾಸ ಇರಬೇಕು. ಎಲ್ಲಿರ್ತೀರಿ?"

ಭಾವಮೈದುನ ತಲೆ ತಗ್ಗಿಸಿ ನೆಲ ನೋಡಿದ. ಕಡತಪ್ಪನವರು ಆಗಿನ್ನೂ ಪಾರಾದ ಖುಷಿಯ ನೆತ್ತಿಯ ಮೇಲಿದ್ದರು. "ಇದೇನು ಕೇಳೋದು ಮೇಡಂ, ನಮ್ಮ ಮನೇಲೇ ಇರ್ತಾನೆ. ಇನ್ನೆಲ್ಲಿ?" ಎಂದುಬಿಟ್ಟರು.

ಅಂದ ಮೇಲೆ ಅಂದದ್ದೇನೆಂದು ಗೊತ್ತಾಯಿತು. ಅಷ್ಟರಲ್ಲಿ ಮೇಡಂ ವಿಳಾಸ ಬರೆದುಕೊಂಡಾಗಿತ್ತು.

ಸಂಜೆ ಐದೂವರೆಗೆ, ಅರ್ಜಿ ತುಂಬುತ್ತಿದ್ದ ಭಾವಮೈದುನನನ್ನು ಅಲ್ಲೇ ಬಿಟ್ಟು, ಕಡತಪ್ಪನವರು ಮನೆ ಕಡೆ ಹೆಜ್ಜೆ ಹಾಕಿದರು. ಹೋಗಲಿ, ಐದು ವರ್ಷವಾದರೆ ಐದು ವರ್ಷ, ಹೆಂಡತಿಗೆ ಗೊತ್ತಾಗಲಿಲ್ಲವಲ್ಲ, ಅಷ್ಟು ಸಾಕು ಎಂದು ದಾರಿಯುದ್ದಕ್ಕೂ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಹೆಂಡತಿ ಊಟದ ಮೇಜಿನ ಮುಂದೆ ಕೂತಿದ್ದರು. ಮುಂದೆ ಫೋನು.

"ಸಾವಿರ ಫೋಟೋ ಅಳಿಸಿದೆ," ಎಂದರು. "ನೀವು ಗೇಟು ದಾಟೋ ಹೊತ್ತಿಗೆ ಜಾಗ ಆಯ್ತು. ಹತ್ತೂ ಓದಿದೆ."

ಕಡತಪ್ಪನವರು ಕುರ್ಚಿ ಹುಡುಕಿಕೊಂಡು ಕೂತರು. ಬೈಗುಳ ಬರುತ್ತದೆಂದು ಕಾದರು, ಬರಲಿಲ್ಲ. ಮಾತು ಬಿಡುತ್ತಾರೆಂದು ಹೆದರಿದರು, ಅದೂ ಆಗಲಿಲ್ಲ.

"ದಿನಾ ಬೆಳಿಗ್ಗೆ ಎಬ್ಬಿಸಿ ವಾಕಿಂಗಿಗೆ ಕರ್ಕೊಂಡು ಹೋದ್ರಿ," ಎಂದರು ಹೆಂಡತಿ. "ಗಾಳಿ ಬರಲಿ ಅಂತ ಮಂಚ ಎಳೆದು ಹಾಕಿದ್ರಿ. ಫ್ಯಾನು ಹಾಕ್ಸಿದ್ರಿ. ಅವನಿಗೆ ಕೆಲಸ ಸಿಗಲಿ ಅಂತ ಜಾಹೀರಾತು ಕತ್ತರಿಸಿ ಇಟ್ರಿ. ನಾನೇನು ಅಂದ್ಕೊಂಡಿದ್ದೆ ಗೊತ್ತಾ? ನನ್ನ ತಮ್ಮನ್ನ ಇಷ್ಟು ಹಚ್ಕೊಂಡಿದ್ದಾರಲ್ಲ ನಮ್ಮನೆಯವರು ಅಂತ. ಐದು ತಿಂಗಳಿಂದ ನನಗೂ ಅನ್ನಿಸ್ತಿತ್ತು ರೀ. ಮೂವತ್ತೊಂದು ವರ್ಷದವನನ್ನ ಇನ್ನೆಷ್ಟು ದಿನ ಸೊಂಟದ ಮೇಲೆ ಹೊತ್ಕೊಂಡಿರ್ಲಿ? ಅವನ ಕಾಲ ಮೇಲೆ ಅವನು ನಿಲ್ಲಬೇಡ್ವಾ? ಆದ್ರೆ ನೀವು ಅಷ್ಟು ಪ್ರೀತಿ ಮಾಡೋವಾಗ ಒಡಹುಟ್ಟಿದವಳು ನಾನು ಹೋಗು ಅನ್ನೋದು ಹೇಗೆ ಅಂತ ಬಾಯಿ ಮುಚ್ಕೊಂಡಿದ್ದೆ."

ಕಡತಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹತ್ತರಲ್ಲಿ ಒಂದಾದ್ರೂ ಅವನಿಗೆ ಹೇಳೋದು ಅಂತಿದೆಯಾ ನೋಡಿದೆ. ಇಲ್ಲ. ನನಗೆ ಹೇಳೋದು ಅಂತಾನೂ ಇಲ್ಲ." ಹೆಂಡತಿ ಫೋನನ್ನು ಅವರ ಕಡೆ ತಳ್ಳಿದರು. "ಪಕ್ಕದಲ್ಲೇ ಲೆಕ್ಕ ಇತ್ತು, ನಾಲ್ಕು ಸಾವಿರ ಜನಕ್ಕೆ ಹೇಳಿದ್ರಿ. ಗುರುತಿಲ್ಲದವರಿಗೆಲ್ಲ ಗೊತ್ತಿತ್ತು. ಪಕ್ಕದಲ್ಲಿ ಮಲಗೋ ನನಗೊಬ್ಬಳಿಗೆ ಹೇಳಲಿಲ್ಲ ನೀವು. ಅದೊಂದು ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ."

"ನಾನು... ಬರೆಯೋದು ಸುಲಭ ಅನ್ನಿಸ್ತು ಕಣೇ," ಎಂದರು ಕಡತಪ್ಪನವರು. ನಿಜವಾಗಿಯೂ ನಾಚಿಕೆಯಾಗಿತ್ತು.

"ಇರಲಿ. ಓದಿ ಆದ್ಮೇಲೆ ಧೈರ್ಯ ಬಂತು. ಅವನು ವಾಕಿಂಗಿಂದ ಬಂದ ತಕ್ಷಣ ಕೂರಿಸ್ಕೊಂಡು ಒಂದೇ ಮಾತು ಹೇಳಿದೆ. ಸಾಕು ಕಣೋ, ಹೋಗು, ಎಲ್ಲಾದ್ರೂ ದುಡಿದು ಬದುಕು ಅಂದೆ. ಅತ್ತ, ನಾನೂ ಅತ್ತೆ. ಅರ್ಧ ಗಂಟೇಲಿ ಚೀಲ ತುಂಬ್ಕೊಂಡು ಹೊರಟ. ಹನ್ನೆರಡು ಗಂಟೆ ಬಸ್ಸು. ಇಷ್ಟೊತ್ತಿಗೆ ಅರ್ಧ ದಾರಿ ಮುಟ್ಟಿರ್ತಾನೆ."

ಕಡತಪ್ಪನವರಿಗೆ ಬಸ್ಸಿನ ಹಾರ್ನ್ ನೆನಪಾಯಿತು. ಒದ್ದೆ ದನಿ ನೆನಪಾಯಿತು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ, ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟಿದ್ದವನನ್ನು ಕೈ ಹಿಡಿದು ಇಳಿಸಿಕೊಂಡವರು ಯಾರೆಂದು ಅವರಿಗೆ ನಿಧಾನವಾಗಿ ಅರ್ಥವಾಯಿತು. ನಡೆದದ್ದನ್ನೆಲ್ಲ ಹೆಂಡತಿಗೆ ಒಪ್ಪಿಸಿದರು. ಅವರ ಜೀವಮಾನದಲ್ಲಿ ಬರೆಯದೆ, ಬಾಯಲ್ಲಿ ಹೇಳಿದ ಮೊದಲ ದೊಡ್ಡ ವರದಿ ಅದು. ಕೊನೆಯಲ್ಲಿ 'ಐದು ವರ್ಷ' ಎನ್ನುವ ಬದಲು ಐದು ಬೆರಳು ತೋರಿಸಿದರು.

ಅಷ್ಟರಲ್ಲಿ ಗೇಟು ಕಿರ್ರೆಂದಿತು.

"ಬಂದ," ಎಂದರು ಹೆಂಡತಿ. "ನನ್ನ ಪಾಲಿಂದು ನಾನು ಹೇಳಿಯಾಯ್ತು. ಕೆಲಸ ಸಿಕ್ಕಿದೆ, ಒಳ್ಳೇದೇ ಆಯ್ತು. ಬೇರೆ ರೂಮು ಮಾಡ್ಕೋ ಅಂತ ಈಗ ನೀವು ಹೇಳಿ. ಬರೀಬೇಡಿ. ಬಾಯಿ ಬಿಟ್ಟು ಹೇಳಿ. ಹೋಗಿ."

ಕಡತಪ್ಪನವರು ಎದ್ದರು. ಅಂಗಿ ಸರಿಮಾಡಿಕೊಂಡರು. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು, ಬಾಗಿಲು ತೆರೆದರು.

ಭಾವಮೈದುನ ಮೆಟ್ಟಿಲ ಮೇಲೆ ನಿಂತಿದ್ದ. ಒಳಗೆ ಬರಲಿಲ್ಲ. "ಭಾವ," ಎಂದ. "ಬೆಳಿಗ್ಗೆ ಅಕ್ಕ ಹೋಗು ಅಂದ್ಬಿಟ್ಳು. ಯಾರಿಗೂ ಬೇಡವಾದೆ ಅಂತ ಬಸ್ಸು ಹತ್ತೋಕೆ ಹೋಗಿದ್ದೆ. ನೀವು ಫೋನ್ ಮಾಡಿ ನೀನಿಲ್ದೆ ದಿಕ್ಕಿಲ್ಲ ಅಂದ್ರಲ್ಲ, ಆಗ ಗೊತ್ತಾಯ್ತು. ಈ ಮನೇಲಿ ನನ್ನ ನಿಜವಾಗಿ ಬೇಕು ಅನ್ನೋರು ನೀವೊಬ್ರೇ."

ಕಡತಪ್ಪನವರು ಬಾಯಿ ತೆರೆದರು. ವಾಕ್ಯ ತುದಿ ನಾಲಿಗೆಯಲ್ಲೇ ಇತ್ತು.

"ಊಟ ಆಯ್ತೇನಪ್ಪಾ?" ಎಂದರು.

"ಇಲ್ಲ ಭಾವ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಬಾ ಬಾ, ಒಳಗೆ ಬಾ," ಎಂದು ಹೆಡ್ ಗುಮಾಸ್ತರು ಅವನ ಹೆಗಲಿನ ಚೀಲವನ್ನು ತಾವೇ ಇಳಿಸಿಕೊಂಡರು. ಹಿಂದಿನಿಂದ ಹೆಂಡತಿ ನಕ್ಕದ್ದೋ ಅತ್ತದ್ದೋ ಕೇಳಿಸಿತು. ತಿರುಗಿ ನೋಡುವ ಧೈರ್ಯ ಅವರಿಗಾಗಲಿಲ್ಲ.